ತಾಳೆ ಮರದ ಮೇಲಿನ ಇಟಲಿ

ಭವಾನಿಪುರಂ, ವಿಜಯವಾಡ
೨೭ ಜನವರಿ ೧೯೯೨, ಸೋಮವಾರ

ಪ್ರೀತಿಯ ಗಂಗಾಭವಾನಿಗೆ,

ಕೆಮ್ಮು ಹೇಗಿದೆ? ವಿಶಾಖಪಟ್ಟಣದ ಸಮುದ್ರದ ಗಾಳಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ತಿರುಗಬೇಡ ಅಂದಿದ್ದೆ. ಮೆಣಸಿನ ಕಷಾಯ ಕುಡಿದೆಯೋ, ತುಳಸಿಕಟ್ಟೆಗೆ ಸುರಿದೆಯೋ? ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ, ಅದರ ಸುದ್ದಿ ಬೇಡ. ನಿನ್ನ ಅಮ್ಮ ಗಿರಿಜಾಳನ್ನೂ ಅಪ್ಪ ಜಗನ್ಮೋಹನನನ್ನೂ ಕೇಳಿದೆನೆಂದು ಹೇಳು. ಆದರೆ ಈ ಕಾಗದವನ್ನು ಅವರ ಕೈಲಿ ಓದಿಸಬೇಡ. ನಿನ್ನ ಬಾಯಿಗೆ ತೆಲುಗೇ ಸಲೀಸು, ಗೊತ್ತು. ಕನ್ನಡದ ಅಕ್ಷರ ನಿನಗೆ ಕಲಿಸಿದವಳು ನಾನು, ಒಂದೊಂದೇ ಜೋಡಿಸಿ ನೀನೇ ಓದು.

ನೀನು ಶಾಲೆ ಬಿಟ್ಟು ಇವತ್ತಿಗೆ ಒಂಬತ್ತು ದಿನ. ಗಿರಿಜಾ ಫೋನಿನಲ್ಲಿ ಎಲ್ಲ ಹೇಳಿದಳು. ಅರ್ಧವಾರ್ಷಿಕ ಪರೀಕ್ಷೆಯ ಪೇಪರು ಕೊಡುವ ದಿನ ನಿಮ್ಮ ಲಕ್ಷ್ಮೀಕಾಂತಮ್ಮ ಟೀಚರು ನಿನ್ನ ಮೊದಲನೇ ಮಹಾಯುದ್ಧದ ಉತ್ತರವನ್ನು ಕ್ಲಾಸಿಗೆಲ್ಲ ಓದಿ ಹೇಳಿದರಂತೆ. ‘ಅಂಬಾರಿ ಆನೆಯಾದ ಜರ್ಮನಿ’ ಎಂದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರಂತೆ. ಇಟಲಿ ಕೊನೆಯವರೆಗೂ ಜರ್ಮನಿಯ ಜೊತೆಗೇ ಇತ್ತು ಎಂದು ಬರೆದದ್ದಕ್ಕೆ ಕೆಂಪು ಗೀಟು ಎಳೆದು ಸೊನ್ನೆ ಹಾಕಿದರಂತೆ. ನೀನು ಎದ್ದು ನಿಂತು, ಇದು ನಮ್ಮ ಅಮ್ಮಮ್ಮ ಹೇಳಿದ್ದು ಅಂದೆ. ‘ಮೀ ಅಮ್ಮಮ್ಮ ಏಂ ಚದುವುಕುಂದಿ?’ ಎಂದು ಅವರು ಕೇಳಿದರು. ನಿಮ್ಮಜ್ಜಿ ಓದಿದ್ದಾದರೂ ಏನು ಅಂತ! ನೀನು ಚೀಲ ಎತ್ತಿಕೊಂಡು ಬಂದುಬಿಟ್ಟೆ. ನಾನು ಫೋನಿನಲ್ಲೇ ‘ಭೇಷ್! ಅವರೇ ಬಂದು ಕರೆಯಲಿ, ಅಲ್ಲಿವರೆಗೂ ಹೋಗಬೇಡ’ ಎಂದು ಕಿರುಚಿದೆ. ಆ ಭೇಷನ್ನು ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ದಸರೆಗೆ ನೀನು ಬಂದಾಗ ಆ ಪಾಠ ಎಷ್ಟು ಸಲ ಓದಿದರೂ ನಿನ್ನ ತಲೆಗೆ ಹತ್ತಲಿಲ್ಲ. ಯಾವ ರಾಜ ಯಾರ ಕಡೆ ಎಂದು ಅಳುತ್ತ ಕೂತಿದ್ದೆ. ಬಾ ಇಲ್ಲಿ ಎಂದು ನಿನ್ನನ್ನು ಗೊಂಬೆಯ ಮೆಟ್ಟಿಲ ಮುಂದೆ ಕೂರಿಸಿದೆ. ಕೊಂಡಪಲ್ಲಿಯ ಮರದ ಗೊಂಬೆಗಳಲ್ಲಿ ಅಂಬಾರಿ ಆನೆ ಜರ್ಮನಿ, ಅಂಗಡಿ ಹರಡಿ ಕೂತ ಶೆಟ್ಟಿ-ಶೆಟ್ಟಮ್ಮ ಇಂಗ್ಲೆಂಡು, ಎತ್ತಿನ ಗಾಡಿ ರಷ್ಯಾ, ತಾಳೆ ಮರ ಹತ್ತುವವನು ಇಟಲಿ. ಯಾರು ಯಾರಿಗೆ ಮಾತು ಕೊಟ್ಟಿದ್ದರೋ ಅವರ ಕಾಲಿಗೆಲ್ಲ ಹೂ ಕಟ್ಟುವ ದಾರ ಕಟ್ಟಿದೆವು. ಆಸ್ಟ್ರಿಯಾದ ರಾಜಕುಮಾರನನ್ನೂ ಹೆಂಡತಿಯನ್ನೂ ಕೊಂದರು ಎಂದು ನೀನು ಪಟ್ಟದ ಗೊಂಬೆಗಳನ್ನು ಮಲಗಿಸಿದಾಗ ಪಕ್ಕದ ಮನೆ ಕೋಟೇಶ್ವರಮ್ಮ ಎದೆ ಬಡಿದುಕೊಂಡಳು. ‘ಅಯ್ಯೋ ವದಿನಾ, ಪಂಡಗ ಮಧ್ಯಲೋ ರಾಜುನು ಪಡುಕೋಬೆಡತಾರಾ?’ ಹಬ್ಬದ ನಡುವೆ ರಾಜನನ್ನು ಮಲಗಿಸುತ್ತಾರೆಯೇ ಅಂತ. ವಿಜಯದಶಮಿಯ ರಾತ್ರಿ ತಾನೇ ಪಟ್ಟದ ಗೊಂಬೆ ಮಲಗಿಸುವುದು. ನಾವು ಪಂಚಮಿಯ ದಿನವೇ ಮಲಗಿಸಿದ್ದೆವು. ನಾನು ನಕ್ಕು, ಇದು ಯುದ್ಧ, ಸುಮ್ಮನಿರು ಅಂದೆ. ಒಂದು ದಾರ ಎಳೆದರೆ ಸಾಲೆಲ್ಲ ಉರುಳಿತು. ನಿನ್ನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಆಟ ಚೆನ್ನಾಗಿತ್ತು. ಇಟಲಿ ಮಾತ್ರ ತಪ್ಪು. ನಮ್ಮ ಮೆಸ್ಸಿನಲ್ಲಿ ಉಣ್ಣುವ ಬ್ಯಾಂಕಿನ ಬಾಲಚಂದ್ರ, ಧಾರವಾಡದವನು, ಬೆಂಜ್ ಸರ್ಕಲ್ಲಿನ ಅಂಗಡಿಯಿಂದ ಚರಿತ್ರೆಯ ಪುಸ್ತಕ ತಂದು ಊಟದ ಎಲೆಯ ಮುಂದೆಯೇ ಬಿಡಿಸಿದ. ಇಟಲಿಯವರು ಮೊದಲು ಯಾರ ಕಡೆಗೂ ಸೇರದೆ ಸುಮ್ಮನಿದ್ದರಂತೆ. ಹದಿನೈದನೇ ಇಸವಿಯಲ್ಲಿ ಇಂಗ್ಲೆಂಡಿನ ಕಡೆಯವರು ಭೂಮಿ ಕೊಡುತ್ತೇವೆ ಅಂದ ಮೇಲೆ ಜರ್ಮನಿಯ ಕೈಬಿಟ್ಟು ಅವರನ್ನು ಸೇರಿದರಂತೆ. ‘ಅಜ್ಜಿ, ತಪ್ಪು ನಿಮ್ದ ಐತ್ರಿ, ಟೀಚರ್‌ದಲ್ಲ’ ಅಂದ. ಆ ದಿನ ಅವನಿಗೆ ಮೊಸರು ಬಡಿಸಲಿಲ್ಲ. ಮಾರನೆಯ ದಿನ ಎರಡು ಸೌಟು ಹಾಕಿದೆ.

ಈಗ ನಾನು ಯಾರಿಗೂ ಹೇಳದ ಮಾತು ಕೇಳು. ಚಿತ್ರದುರ್ಗದಲ್ಲಿ ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಲೆಕ್ಕದ ಮೇಲೆ ಮೇಷ್ಟರ ಜೊತೆ ಜಗಳವಾಡಿ ಸ್ಲೇಟು ನೆಲಕ್ಕೆ ಕುಕ್ಕಿ ಮನೆಗೆ ಬಂದೆ. ಯಾರಾದರೂ ಕರೆಯಲು ಬರುತ್ತಾರೆಂದು ಎಂಟು ದಿನ ಜಗಲಿಯ ಮೇಲೆ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಒಂಬತ್ತನೆಯ ದಿನ ನಮ್ಮಮ್ಮ ಕೈಗೆ ಒನಕೆ ಕೊಟ್ಟಳು. ಅಲ್ಲಿಗೆ ಮುಗಿಯಿತು. ಆ ಲೆಕ್ಕದಲ್ಲಿ ನಾನು ಸರಿಯೋ ಮೇಷ್ಟರು ಸರಿಯೋ, ಇಂದಿಗೂ ಗೊತ್ತಿಲ್ಲ. ತಿಳಿಯಬೇಕಾದರೆ ಕ್ಲಾಸಿನಲ್ಲಿ ಕೂತಿರಬೇಕಿತ್ತು. ರೋಷ ಒಂದೇ ನನ್ನ ಜೊತೆ ಮನೆಗೆ ಬಂದದ್ದು. ಅದನ್ನೇ ಅರವತ್ತು ವರ್ಷದಿಂದ ಸಾಕಿಕೊಂಡಿದ್ದೇನೆ. ನಿನ್ನ ಮೈಯಲ್ಲೂ ಅದೇ ರಕ್ತ, ಸುಳ್ಳು ಹೇಳಬೇಡ.

ಬುಧವಾರ ಬೆಳಿಗ್ಗೆ ನೀನು ಶಾಲೆಗೆ ಹೋಗುತ್ತೀಯೆ. ಹೋಗುತ್ತೀಯಾ ಎಂದು ಕೇಳುತ್ತಿಲ್ಲ. ಮಾರ್ಚಿನಲ್ಲಿ ಹತ್ತನೆಯ ಪಬ್ಲಿಕ್ ಪರೀಕ್ಷೆ ಇದೆ, ಅದು ನಿನ್ನ ಕೋಪ ಇಳಿಯಲಿ ಎಂದು ಕಾಯುವುದಿಲ್ಲ. ಲಕೋಟೆಯಲ್ಲಿ ಟೀಚರಿಗೊಂದು ಚೀಟಿ ಇಟ್ಟಿದ್ದೇನೆ. ತೆಲುಗು ಮಾತು, ಕನ್ನಡ ಅಕ್ಷರ. ಅದಕ್ಕೇ ನೀನೇ ಅವರಿಗೆ ಓದಿ ಹೇಳಬೇಕು. ಅವರು ಕೇಳಿದ್ದಕ್ಕೆ ಉತ್ತರ ಬರೆದಿದ್ದೇನೆ: ‘ನಾನು ಓದಿದ್ದು ಆರನೇ ಕ್ಲಾಸು. ತಪ್ಪು ನನ್ನದು, ಮಗುವನ್ನು ಒಳಗೆ ಕರೆದುಕೊಳ್ಳಿ.’ ಕ್ಲಾಸಿನ ಮುಂದೆ ನಗಿಸಬಾರದಿತ್ತು ಎಂದೂ ಕೆಳಗೆ ಒಂದು ಸಾಲು ಸೇರಿಸಿದ್ದೇನೆ. ಅದನ್ನು ನುಂಗಬೇಡ, ಅದನ್ನೂ ಓದು.

ಚೆನ್ನಾಗಿ ಉಣ್ಣು, ಬೇಗ ಏಳು. ದುರ್ಗಮ್ಮ ನಿನ್ನನ್ನು ನೂರು ವರ್ಷ ಇಟ್ಟಿರಲಿ, ಬುದ್ಧಿಯನ್ನೂ ಜೊತೆಗೇ ಇಟ್ಟಿರಲಿ.

ನಿನ್ನ ಅಜ್ಜಿ,
ಅನಸೂಯಾ

ಮರೆತಿದ್ದೆ: ಕೋಟೇಶ್ವರಮ್ಮನ ಮಗ ದುರ್ಗಾಪ್ರಸಾದ್ ರೈಲಿಗೆ ಹೊತ್ತಾಯಿತೆಂದು ಗೇಟಿನಲ್ಲಿ ಕುಣಿಯುತ್ತಿದ್ದಾನೆ. ಅವನ ಕೈಲಿ ಈ ಕಾಗದದ ಜೊತೆ ತಾಳೆ ಮರದವನನ್ನೂ ಕಳಿಸಿದ್ದೇನೆ. ಕಾಲಿನ ದಾರ ಕತ್ತರಿಸಿದ್ದೇನೆ, ನೋಡು. ಗಂಗೀ, ದಸರೆಯ ಆ ದಿನ ನೀನು ನಿನ್ನ ಪಾಠದ ಪುಸ್ತಕದಲ್ಲಿ ಆ ಸಾಲನ್ನು ಓದಿದ್ದೆ. ‘ಅಜ್ಜಿ, ಇಟಲಿ ಕಡೆ ಬದಲಾಯಿಸಿತಂತೆ’ ಅಂದೆ. ಕೊಟ್ಟ ಮಾತಿಗೆ ತಪ್ಪುವವರುಂಟೇ, ಮುಚ್ಚು ಪುಸ್ತಕ ಎಂದು ಗದರಿದವಳು ನಾನು. ನನಗೆ ನೆನಪಿಲ್ಲವೆಂದುಕೊಂಡೆಯಾ? ಸರಿ ಉತ್ತರ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಪರೀಕ್ಷೆಯಲ್ಲಿ ನನ್ನ ಮಾತು ಬರೆದೆ, ಎಲ್ಲರೂ ನಕ್ಕಾಗಲೂ ನನ್ನನ್ನು ಬಿಟ್ಟುಕೊಡಲಿಲ್ಲ. ಇಟಲಿಯೇ ಕಡೆ ಬದಲಾಯಿಸಿತು, ನಿನ್ನ ಅಜ್ಜಿಯೂ ಬದಲಾಯಿಸಿದ್ದಾಳೆ. ನೀನೂ ಬದಲಾಯಿಸು. ಪುಸ್ತಕ ಮುಚ್ಚು ಎಂದು ಇನ್ನೊಮ್ಮೆ ನಾನೇ ಅಂದರೂ ಮುಚ್ಚಬೇಡ.