ಲುಡ್ವಿಕ್ ಎತ್ತರಿಸಿದ ಸೀಟು

ಜನವರಿ 12, 1999 – ಮಂಗಳವಾರ

ಕಾರು ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಚಳಿಯಲ್ಲಿ ಅದಕ್ಕೂ ನನ್ನ ಹಾಗೇ, ಮೊದಲ ಸಲಕ್ಕೆ ಏಳಲು ಮನಸ್ಸಿಲ್ಲ. ಇಂಜಿನ್ ಬಿಸಿಯಾಗುವ ತನಕ ಒಳಗೇ ಕೂತು ಕಾಫಿ ಕುಡಿದೆ. ಬ್ರೆಡ್ಡು, ಸಾಸೇಜು ತಂದೆ. ಸೊಂಟ ನೋವು, ಮೆಟ್ಟಿಲು ಹತ್ತುವಾಗ ದೇವರೇ ಗತಿ.

ಮಧ್ಯಾಹ್ನ ಟೆರೆಸಾ ಬಂದಳು. ಅಣ್ಣನ ಮಗಳು, ನನಗೆ ಅವಳು ಬಿಟ್ಟರೆ ಯಾರಿದ್ದಾರೆ, ಅವಳಿಗೂ ಅದು ಗೊತ್ತು. ಅದಕ್ಕೇ ಯಜಮಾನಿಕೆ. ಮುಂದಿನ ವಾರ ಸೊಂಟದ ಆಪರೇಷನ್, ಏಪ್ರಿಲ್‌ನಲ್ಲಿ ಎಂಬತ್ತು ತುಂಬುತ್ತದೆ, ಇನ್ನು ಕಾರು ಓಡಿಸುವುದು ಸಾಕು ಅಂದಳು. ಹಳೇ ಕಾರುಗಳ ಮ್ಯೂಸಿಯಂನವರು ಕೇಳುತ್ತಲೇ ಇದ್ದಾರಂತೆ, ಕೊಟ್ಟುಬಿಡಬೇಕಂತೆ. ಲೈಸೆನ್ಸಿಗೆ ಈ ಸಲ ರಸ್ತೆಯ ಮೇಲೆ ಓಡಿಸಿ ತೋರಿಸಬೇಕು. ಕೊನೆಗೆ ಒಪ್ಪಂದ: ಪಾಸಾದರೆ ಅವಳು ಬಾಯಿ ಮುಚ್ಚಬೇಕು. ಫೇಲಾದರೆ ಕಾರು ಮ್ಯೂಸಿಯಂಗೆ.

ಇಬ್ಬರೂ ಕೈಕುಲುಕಿದೆವು. ಅವಳ ಕೈ ತಣ್ಣಗಿತ್ತು.

ಜನವರಿ 17 – ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದೆ. ಆಸ್ಪತ್ರೆಗೆ ಬ್ಯಾಗ್ ಕಟ್ಟಿ ಆಯಿತು. ಕಾರಿನ ಕೀ ಫ್ಲಾಯ್ಡ್‌ಗೆ ಕೊಟ್ಟೆ, ವಾರಕ್ಕೊಮ್ಮೆ ಇಂಜಿನ್ ಓಡಿಸು ಅಂತ. ಅವನು ನಮ್ಮ ಸ್ಟುಡಿಬೇಕರ್ ಕಾರುಗಳ ಕ್ಲಬ್ಬಿನ ಅಧ್ಯಕ್ಷ. ನಿವೃತ್ತ ಪೋಸ್ಟ್‌ಮ್ಯಾನ್. ಕ್ಲಬ್ಬಿನಲ್ಲಿ ಎಲ್ಲರೂ ನನ್ನನ್ನು ಅಕ್ಕ ಅನ್ನುತ್ತಾರೆ. ಅರವತ್ತು ದಾಟಿದ ತಮ್ಮಂದಿರು.

ಕೀ ಕೊಟ್ಟ ಮೇಲೆ ಯಾಕೋ ಸೀಟಿನ ನೆನಪು.

ನನ್ನ ಗಂಡ ಲುಡ್ವಿಕ್ ಸ್ಟುಡಿಬೇಕರ್ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದ. ಅವನ ಅಜ್ಜ ಇದೇ ಕಂಪನಿಯ ಕುದುರೆ ಗಾಡಿಗೆ ಚಕ್ರ ಕೂಡಿಸಿದವರು. ನಮ್ಮೂರು ಸೌತ್ ಬೆಂಡ್‌ನಲ್ಲಿ ಆಗ ಬೇರೆ ಕಂಪನಿ ಕಾರು ತಗೊಂಡವನ ಮನೆಗೆ ಯಾರೂ ಕಾಫಿಗೆ ಹೋಗುತ್ತಿರಲಿಲ್ಲ. ಅರವತ್ತೆರಡರಲ್ಲಿ ಈ ಲಾರ್ಕ್ ಕಾರು ತಗೊಂಡೆವು. ಮರುವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಮುಂಚೆ ಕಾರ್ಖಾನೆ ಮುಚ್ಚಿತು. ಊಟದ ಡಬ್ಬಿಯಲ್ಲಿ ಕತ್ತರಿ, ಬಾಗಿದ ಸೂಜಿ ಹಾಕಿಕೊಂಡು ಮನೆಗೆ ಬಂದ. ಸೂಪ್ ಇದೆಯಾ ಅಂದ. ಆಮೇಲೆ ಜೀವನವಿಡೀ ಹೋಟೆಲಿನ ಬೆಂಚು, ಚರ್ಚಿನ ಮಂಡಿಯೂರುವ ಹಲಗೆ, ಇಂಥವಕ್ಕೇ ಹೊಲಿದ.

ನಾನು ಮೊದಲೇ ಕುಳ್ಳಿ. ವಯಸ್ಸಾದ ಹಾಗೆ ಇನ್ನೂ ಕುಗ್ಗಿದೆ. ರಸ್ತೆ ಕಾಣುತ್ತಿಲ್ಲ ಅಂತ ನಾನಾಗಿ ಒಂದು ದಿನವೂ ಹೇಳಿದವಳಲ್ಲ. ಕತ್ತು ಉದ್ದ ಮಾಡುವುದನ್ನು ನೋಡಿ ಅವನೇ ಸೀಟು ಬಿಚ್ಚುತ್ತಿದ್ದ, ಒಳಗೆ ಇನ್ನೊಂದು ಪದರ ಇಟ್ಟು ಹೊಲಿಯುತ್ತಿದ್ದ. "ನೀನು ಇಳೀತಾ ಹೋಗು, ನಾನು ಏರಿಸ್ತಾ ಹೋಗ್ತೀನಿ" ಅನ್ನುತ್ತಿದ್ದ. ನೋವಿರುವ ಸೊಂಟದ ಕಡೆ ಒಂದು ತಗ್ಗು ಬೇರೆ. ಎಷ್ಟು ಪದರ ಇದೆಯೋ, ನಾನು ಎಣಿಸಿಲ್ಲ.

ಅವನು ಹೋಗಿ ಮೂರು ವರ್ಷ. ಈಗೀಗ ಮತ್ತೆ ಕತ್ತು ಉದ್ದ ಮಾಡುತ್ತಿದ್ದೇನೆ.

ಫೆಬ್ರವರಿ 24

ಮನೆಗೆ ಬಂದೆ. ಸೊಂಟದಲ್ಲಿ ಕಬ್ಬಿಣ. ನಡೆಯಬಹುದು, ಕೋಲು ಬೇಕು.

ಗ್ಯಾರೇಜು ಖಾಲಿ! ಫ್ಲಾಯ್ಡ್‌ಗೆ ಫೋನ್ ಮಾಡಿದರೆ ಬ್ಯಾಟರಿ ಅಂದ. ಮತ್ತೆ ಕೇಳಿದರೆ ಟೈರು ಅಂದ. ಸುಳ್ಳು ಹೇಳಲು ಬರುವುದಿಲ್ಲ ಆ ಮನುಷ್ಯನಿಗೆ. ಎಲ್ಲೋ ಗುದ್ದಿಸಿದ್ದಾನೆ, ಹೇಳಲು ಹೆದರುತ್ತಿದ್ದಾನೆ.

ಮಾರ್ಚ್ 6 – ಶನಿವಾರ

ಗುದ್ದಿಸಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಹೊರಗೆ ಹಾರ್ನು. ಕ್ಲಬ್ಬಿನವರೆಲ್ಲ ಅಂಗಳದಲ್ಲಿ, ನಡುವೆ ನನ್ನ ಲಾರ್ಕ್, ಬಾನೆಟ್ಟಿಗೆ ಕೆಂಪು ರಿಬ್ಬನ್. ಹೊಸ ಬಣ್ಣ. ಕ್ರೋಮಿನಲ್ಲಿ ನನ್ನ ಮುಖ ಕಂಡಿತು, ಅದೊಂದು ಹಳೇದು. ನಾನು ಆಸ್ಪತ್ರೆಯಲ್ಲಿದ್ದಾಗ ಹಗಲೂ ರಾತ್ರಿ ಕೂತು ಮಾಡಿದ್ದಾರೆ. ಒಂದೊಂದು ಬೋಲ್ಟೂ ಮೂಲದ ಥರವೇ. ನಮ್ಮ ಕ್ಲಬ್ಬಿನವರು ಹಾಗೇ – ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗಿರಬೇಕು, ಮೊಳೆ ಬೇರೆಯಾದರೂ ಪ್ರದರ್ಶನದಲ್ಲಿ ಅಂಕ ಹೋಗುತ್ತದೆ. ಫ್ಲಾಯ್ಡ್ ಕಣ್ಣು ಒರೆಸಿಕೊಳ್ಳುತ್ತಿದ್ದ. ಕೂತು ನೋಡಿ ಅಕ್ಕ ಅಂದ.

ಕೂತೆ. ಕುಸಿದೆ. ಎದುರಿಗೆ ಸ್ಟಿಯರಿಂಗು, ಅದರ ಸಂದಿಯಲ್ಲಿ ಗಡಿಯಾರ. ಗಾಜಿನಲ್ಲಿ ಬರೀ ಆಕಾಶ.

ಸೀಟು ಹೊಸದು. ಎಲ್ಲೋ ಓಹಾಯೋದಿಂದ ಆಗಿನ ಬಟ್ಟೆಯನ್ನೇ ಹುಡುಕಿ ತಂದು ಹಾಕಿಸಿದ್ದಾರಂತೆ.

ತುಂಬಾ ಚೆನ್ನಾಗಿದೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಫೋಟೋದಲ್ಲಿ ನಾನು ಕಾಣುವುದು ಕಷ್ಟ.

ಮಾರ್ಚ್ 7

ದಿಂಬು ಇಟ್ಟುಕೊಂಡು ನೋಡಿದೆ. ಕ್ಲಚ್ ಒತ್ತಿದರೆ ದಿಂಬು ಹಿಂದಕ್ಕೆ ಜಾರುತ್ತದೆ, ಜೊತೆಗೆ ನಾನೂ. ಸೋಫಾದ ಕುಶನ್ ಇಟ್ಟೆ. ಅದು ಪಕ್ಕಕ್ಕೆ. ಹೊಸ ಸೊಂಟ ಬೈಯಿತು. ಅಂಗಳ ದಾಟಲೂ ಆಗಲಿಲ್ಲ. ಹೀಗಾದರೆ ಪರೀಕ್ಷೆ ಮುಗಿದ ಹಾಗೇ.

ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ಮಾಡಲಿ? ಕೈ ಒಡೆದುಕೊಂಡು ಮಾಡಿದ್ದಾರೆ ಪಾಪ, ಒಂದು ಕಾಸು ತಗೊಳ್ಳದೆ.

ಮಾರ್ಚ್ 13 – ಶನಿವಾರ

ಕ್ಲಬ್ಬಿನ ತಿಂಡಿ, ಪ್ಯಾನ್‌ಕೇಕ್. ಫ್ಲಾಯ್ಡ್ ಎಂದಿನಂತೆ ಹೊಸಬರಿಗೆ ಇತಿಹಾಸ ಹೇಳುತ್ತಿದ್ದ – ಐವರು ಅಣ್ಣತಮ್ಮಂದಿರು, ಕಮ್ಮಾರಸಾಲೆ, ಚಿನ್ನ ಹುಡುಕಲು ಹೋದವನು ಕೈಗಾಡಿ ಮಾಡಿಕೊಟ್ಟು ದುಡ್ಡು ತಂದದ್ದು, ಇಲ್ಲಿ ಬಾಗಿಲು ಹಾಕಿದ ಮೇಲೂ ಕೆನಡಾದಲ್ಲಿ ಇನ್ನೆರಡು ವರ್ಷ ಎಳೆದದ್ದು. ಎಲ್ಲ ಬಾಯಿಪಾಠ. ತಲೆ ತಿನ್ನುತ್ತಾನೆ, ಆದರೆ ಒಂದೂ ತಪ್ಪು ಹೇಳುವುದಿಲ್ಲ.

ನಡುವೆ ಮೆಲ್ಲಗೆ ಕೇಳಿದೆ, ಹಳೇ ಸೀಟಿನ ಒಳಗಿದ್ದದ್ದು ಏನು ಮಾಡಿದಿರಿ ಅಂತ. ಅಯ್ಯೋ, ಆ ಗಂಟೇ, ಯಾರು ಅಷ್ಟು ಕೆಡಿಸಿದ್ದರೋ, ಎಸೆದೆವು ಅಂದ. ಲುಡ್ವಿಕ್‌ನ ಕೈಕೆಲಸ ಅಂತ ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಎಸೆದ ಮೇಲೆ ಹೇಳಿ ಏನು ಪ್ರಯೋಜನ, ಅವನ ನಿದ್ದೆಯೂ ಕೆಡುತ್ತದೆ.

ಪ್ಯಾನ್‌ಕೇಕ್ ಅರ್ಧಕ್ಕೇ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಅಂದೆ. ಟೆರೆಸಾ ಮನೆಗೆ ಕರೆದುಕೊಂಡು ಬಂದಳು, ಅವಳ ಕಾರಿನಲ್ಲಿ. ದಾರಿಯಲ್ಲಿ ಕಾರು ಓಡಿಸಿ ನೋಡಿದಿರಾ ಅಂತ ಕೇಳಿದಳು. ಚಳಿ ಕಡಿಮೆಯಾಗಲಿ ಅಂದೆ.

ಮಾರ್ಚ್ 19 – ಶುಕ್ರವಾರ

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಶುಕ್ರವಾರ, ಮಾಂಸವಿಲ್ಲ, ಚರ್ಚಿನ ಸಭಾಂಗಣದಲ್ಲಿ ಮೀನಿನ ಊಟ. ಮುಗಿದ ಮೇಲೆ ಫ್ಲಾಯ್ಡ್ ತನ್ನ ಮನೆಗೆ ಕಾಫಿಗೆ ಕರೆದ.

ಹಿಂದಿನ ವರಾಂಡದಲ್ಲಿ ಅವನ ನಾಯಿ ಡ್ಯೂಕ್ ಮಲಗಿತ್ತು. ಮುದಿ ನಾಯಿ, ಮಂಡಿ ನೋವು. ಅದರ ಕೆಳಗೆ ಕಂದು ಬಟ್ಟೆಯ ದಪ್ಪ ಗಂಟು. ಅಂಚಿನಲ್ಲಿ ಜೋಡಿ ಹೊಲಿಗೆ. ಜಗತ್ತಿನಲ್ಲಿ ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ ಆ ಹೊಲಿಗೆಯನ್ನು. ಒಂದು ಕಡೆ ತಗ್ಗು. ನಾಯಿ ತನ್ನ ಸೊಂಟವನ್ನು ಸರಿಯಾಗಿ ಅಲ್ಲೇ ಇಟ್ಟುಕೊಂಡಿತ್ತು.

ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಫ್ಲಾಯ್ಡ್, ನಿನ್ನ ನಾಯಿ ನನ್ನ ಗಂಡನ ಮೇಲೆ ಮಲಗಿದೆ."

ಅವನು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಎಸೆದದ್ದು ನಿಜವಂತೆ, ಮನಸ್ಸು ಬರದೆ ಮತ್ತೆ ಎತ್ತಿ ತಂದು ನಾಯಿಗೆ ಹಾಕಿದ್ದನಂತೆ, ಅದನ್ನು ಹೇಳಲು ಸಂಕೋಚವಾಯಿತಂತೆ. ಆಮೇಲೆ ಎಲ್ಲ ಹೇಳಿದೆ. ಕುಗ್ಗಿದ್ದು, ಪದರ, ದಿಂಬು ಜಾರಿದ್ದು, ಟೆರೆಸಾ ಜೊತೆಗಿನ ಒಪ್ಪಂದ. ಕಾಫಿ ಆರಿ ತಣ್ಣಗಾಯಿತು.

"ಅವತ್ತೇ ಒಂದು ಮಾತು ಅನ್ಬಾರ್ದಿತ್ತಾ ಅಕ್ಕ?"

"ನೀನು ಅಳ್ತಾ ಇದ್ದೆಯಲ್ಲಪ್ಪ. ಹೇಗನ್ನಲಿ?"

"ಕಾರ್ಖಾನೇಲಿ ಮಾಡಿದ ಹಾಗೇ ಮಾಡಿದ್ವಿ. ಒಂದು ದಾರಾನೂ ಬೇರೆ ಇಲ್ಲ."

"ಹೌದು. ಕಾರ್ಖಾನೆಯವರು ನನ್ನನ್ನ ನೋಡಿರ್ಲಿಲ್ಲ."

ಅವನು ಎದ್ದ. ನಾಯಿಯನ್ನು ಎಬ್ಬಿಸಲು ಹೋದ. ಮಲಗಿರಲಿ ಬಿಡು, ಮುಂದಿನ ವಾರ ನೋಡೋಣ ಅಂದೆ. ಮನೆಗೆ ಬಂದು ಅತ್ತೆ. ಸಂತೋಷಕ್ಕೋ ಏನೋ ಗೊತ್ತಾಗಲಿಲ್ಲ.

ಮಾರ್ಚ್ 27 – ಶನಿವಾರ

ಫ್ಲಾಯ್ಡ್ ಗಂಟನ್ನು ಹೊತ್ತುಕೊಂಡು ಬಂದ. ನಾಯಿ ಕೂದಲು ತೆಗೆದು, ಬಿಸಿಲಿಗೆ ಹಾಕಿ ತಂದಿದ್ದಾನೆ. ಆದರೂ ನಾಯಿ ವಾಸನೆ.

ಗ್ಯಾರೇಜಿನಲ್ಲಿ ಹೊಸ ಸೀಟಿನ ಹೊಲಿಗೆ ಬಿಚ್ಚುವಾಗ ಒಂದೊಂದು ದಾರಕ್ಕೂ ನಿಲ್ಲಿಸಿ ನೋಡುತ್ತಿದ್ದ. ಮೂಲದ ಹಾಗಿರುವುದನ್ನು ತಾನೇ ಕೆಡಿಸುವುದು ಅವನ ಜನ್ಮದಲ್ಲಿ ಇದೇ ಮೊದಲು. ಹಳೇ ಗಂಟಿನಿಂದ ಪದರಗಳು ಹೊರಗೆ ಬಂದವು. ಕುದುರೆ ಕೂದಲು, ಹತ್ತಿ, ಫೋಮು, ಒಂದು ಹಳೇ ಕಂಬಳಿ. ಅದು ನಮ್ಮ ಮದುವೆಗೆ ಬಂದದ್ದು! ಕಳೆದುಹೋಯಿತು ಅಂತ ಎಷ್ಟು ಹುಡುಕಿದ್ದೆ. ಕಳ್ಳ.

ಎಲ್ಲ ಇಟ್ಟು ಕೂತೆ. ರಸ್ತೆ ಕಂಡಿತು, ಆದರೆ ಅರ್ಧ. ಸಾಕು ಬಿಡು ಅಂದೆ. ಫ್ಲಾಯ್ಡ್ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ.

"ಕತ್ತು ಉದ್ದ ಮಾಡ್ತಿದೀರಿ ಅಕ್ಕ. ಇಳೀರಿ."

ತನ್ನ ಹಳೇ ಪೋಸ್ಟ್‌ಮ್ಯಾನ್ ಕೋಟು ತಂದು ಮಡಚಿ ಒಳಗಿಟ್ಟ. ಲುಡ್ವಿಕ್‌ನ ಬಾಗಿದ ಸೂಜಿ ಕೊಟ್ಟೆ. ಬೆರಳಿಗೆ ಚುಚ್ಚಿಕೊಂಡ, ಬೈದುಕೊಂಡ, ಕತ್ತಲಾಗುವ ತನಕ ಹೊಲಿದ. ಅವನ ಹೊಲಿಗೆ ಕುಡುಕ ನಡೆದ ಹಾಗಿದೆ. ನಾನೇ ಹೊಲಿದಿದ್ದರೆ ಚೆನ್ನಾಗಿ ಬರುತ್ತಿತ್ತು. ಹೇಳಲಿಲ್ಲ.

ಕೂತೆ. ಬಾನೆಟ್ಟು, ಗೇಟು, ರಸ್ತೆ, ಎದುರು ಮನೆಯ ಮೇಲ್‌ಬಾಕ್ಸ್. ಎಲ್ಲ.

ಏಪ್ರಿಲ್ 8 – ಗುರುವಾರ

ಪಾಸು.

ಪರೀಕ್ಷೆ ಮಾಡಿದವಳು ಚ್ಯೂಯಿಂಗ್ ಗಮ್ ಜಗಿಯುವ ಹುಡುಗಿ. ಕಾರು ಹತ್ತಿದ ತಕ್ಷಣ ನಾಯಿ ಇದೆಯಾ ಅಂತ ಕೇಳಿದಳು. ಏರಿನಲ್ಲಿ ನಿಲ್ಲಿಸಲು ಹೇಳಿದಳು. ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದೆ. ಕಾರು ಹಿಂದೆ ಹೋಗಲಿಲ್ಲ. ಅವಳು ಜಗಿಯುವುದು ನಿಂತಿತು. ಹಿಲ್ ಹೋಲ್ಡರ್ ಅಂದೆ, ಕ್ಲಚ್ ಒತ್ತಿರುವ ತನಕ ಬ್ರೇಕು ತಾನೇ ಹಿಡಿದಿರುತ್ತದೆ, ನಿಮ್ಮಪ್ಪ ಹುಟ್ಟುವ ಮೊದಲಿನದು. ನಕ್ಕಳು, ಸಹಿ ಹಾಕಿದಳು.

ಟೆರೆಸಾ ಹೊರಗೆ ಕಾಯುತ್ತಿದ್ದಳು. ಕಾಗದ ತೋರಿಸಿದೆ. ಬಾಯಿ ಮುಚ್ಚಿಕೊಂಡಳು, ಮಾತು ಅಂದರೆ ಮಾತು. ಆಮೇಲೆ, "ಅತ್ತೆ, ಮನೆವರೆಗೂ ನಿಮ್ಮ ಜೊತೆ ಬರ್ಲಾ?" ಅಂದಳು. ಬಾ ಅಂದೆ. ದಾರಿಯಲ್ಲಿ ಸೀಟಿನ ಅಂಚು ಮುಟ್ಟಿ ನೋಡುತ್ತಿದ್ದಳು.

ಮೇ 15 – ಶನಿವಾರ, ಸಂಜೆ

ಪ್ರದರ್ಶನ. ಬಿಸಿಲು. ಫ್ಲಾಯ್ಡ್ ಮುಖ್ಯ ತೀರ್ಪುಗಾರ. ಕನ್ನಡಕ ಏರಿಸಿ ಕಾರಿನ ಸುತ್ತ ಬಂದ, ನನ್ನನ್ನು ಗೊತ್ತೇ ಇಲ್ಲದವನ ಹಾಗೆ. ಬಣ್ಣಕ್ಕೆ ಪೂರ್ತಿ. ಇಂಜಿನ್ನಿಗೆ ಪೂರ್ತಿ. ಮುಂದಿನ ಸೀಟಿಗೆ ಸೊನ್ನೆ.

"ನಿಯಮ ನಿಯಮಾನೇ ಅಕ್ಕ. ಮೂಲದ್ದಲ್ಲ."

"ಹೊಲಿಗೆ ಯಾರದ್ದು ಅಂತ ಬರೀಲಿಲ್ವಾ?"

"ಆ ಹೊಲಿಗೆಗೆ ಇನ್ನೂ ಕಳೀಬೇಕಿತ್ತು, ದಾಕ್ಷಿಣ್ಯಕ್ಕೆ ಬಿಟ್ಟಿದೀನಿ."

ಬಹುಮಾನ ಬರಲಿಲ್ಲ. ಎರಡು ಸಾಸೇಜ್ ತಿಂದೆ. ಚೆನ್ನಾಗಿತ್ತು.

ಮೇ 22, ಬೆಳಿಗ್ಗೆ

ಲುಡ್ವಿಕ್‌ನ ಸಮಾಧಿಗೆ ಹೂವು ಇಡಲು ಹೊರಟೆ. ದಾರಿಯಲ್ಲಿ ಫ್ಲಾಯ್ಡ್ ಮನೆ ಮುಂದೆ ನಿಲ್ಲಿಸಿದ್ದೇನೆ, ಅವನೂ ಬರುತ್ತಾನಂತೆ, ಟೋಪಿ ಹುಡುಕುತ್ತಿದ್ದಾನೆ. ಹೂವು ಹಿಂದಿಡಲು ಇಳಿದೆ, ಅಷ್ಟೇ. ಡ್ಯೂಕ್ ಬಂದು ತೆರೆದ ಬಾಗಿಲಿನಿಂದ ಹತ್ತಿ ನನ್ನ ಜಾಗದಲ್ಲಿ ಮಲಗಿದೆ. ಮೂಸಿ, ಸುತ್ತು ಹೊಡೆದು, ಸೊಂಟ ಸರಿಯಾಗಿ ತಗ್ಗಿನಲ್ಲಿ. ಏಳೋ ಅಂದರೆ ಕಣ್ಣು ಮುಚ್ಚುತ್ತದೆ. ನಾನು ಪಕ್ಕದ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಏಳಲಿ, ಅವಸರ ಇಲ್ಲ. ಅದರ ಹಾಸಿಗೆ ಕಿತ್ತುಕೊಂಡವಳು ನಾನೇ ತಾನೆ. ಈಗ ಬರೀ ನೆಲದ ಮೇಲೆ ಮಲಗುತ್ತಂತೆ.

ಲುಡ್ವಿಕ್, ನೀನಿದ್ದಿದ್ದರೆ ಇದಕ್ಕೂ ಒಂದು ಹಾಸಿಗೆ ಹೊಲಿದು ಕೊಡುತ್ತಿದ್ದೆ.