ಹಿಮ್ಮಡಿಯ ಮಚ್ಚೆ

ಫೆಬ್ರವರಿ 3, ಬೆಳಗ್ಗೆ 7.40, ಬಸ್ಸಿನಲ್ಲಿ

ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಒಂಬತ್ತಕ್ಕೆ ಪ್ರಾಕ್ಟಿಕಲ್. ಮತ್ತದೇ ಪಿಪೆಟ್ಟು. ಬಣ್ಣವಿಲ್ಲದ ನೀರನ್ನು ಬಣ್ಣವಿಲ್ಲದ ನೀರಿಗೆ ಹಾಕುವುದು. ಮೂರು ವರ್ಷದಿಂದ ಇದೇ ಆಯಿತು. ಕೋರ್ಸಿನ ಹೆಸರು ಮಾತ್ರ ಭರ್ಜರಿ — ಮಾಲಿಕ್ಯುಲರ್ ಮೆಡಿಸಿನ್. ಒಬ್ಬ ರೋಗಿಯ ಮುಖವನ್ನೂ ಇನ್ನೂ ನೋಡಿಲ್ಲ. ರಕ್ತದ ಟ್ಯೂಬು ಬರುತ್ತದೆ, ಅದರ ಮೇಲೆ ಒಂದು ನಂಬರು.

ಪಕ್ಕಕ್ಕೆ ಬಂದು ಕೂತದ್ದು ಅಪ್ಪನ ಹಳೇ ಗಿರಾಕಿ. "ಟೈಲರ್ ಮಗಳಲ್ವಾ ನೀನು? ಡಾಕ್ಟರ್ ಓದ್ತಿರೋಳು?" ತಕ್ಷಣ ಮಂಡಿನೋವಿನ ಕಥೆ ಶುರು. ಡಾಕ್ಟರ್ ಅಲ್ಲ ಆಂಟಿ ಅಂದೆ. "ಮತ್ತೆ ನಿಮ್ಮಪ್ಪ ಹೇಳಿದ್ರಲ್ಲ!"

ಹೇಳದೆ ಇರುತ್ತಾರೆಯೇ? ಬೀದಿಗೆಲ್ಲ ಡಂಗುರ ಸಾರಿದ್ದಾರೆ. ಡಾಕ್ಟರ್ ಸೀಟು ನಾಲ್ಕು ಅಂಕದಲ್ಲಿ ಕೈತಪ್ಪಿದ್ದನ್ನು ಅಪ್ಪ ಸಲೀಸಾಗಿ ಮರೆತುಬಿಟ್ಟರು. ಮೊದಲ ವರ್ಷ ಬಿಳಿ ಕೋಟು ಅವರೇ ಹೊಲಿದು, ಜೇಬಿನ ಮೇಲೆ ನೀಲಿ ದಾರದಲ್ಲಿ "ಡಾ." ಅಂತ ಕೈಯಾರೆ ಹಾಕಿಕೊಟ್ಟಿದ್ದರು. ಕಾಲೇಜಿನ ಬಾತ್‌ರೂಮಿನಲ್ಲಿ ನಿಂತು ಬ್ಲೇಡಿನಿಂದ ಬಿಚ್ಚಿದೆ. ಸೂಜಿಯ ತೂತು ಇನ್ನೂ ಕಾಣುತ್ತದೆ.

ಫೆಬ್ರವರಿ 9, ಸಂಜೆ

ಕೋಟಿನ ಜೇಬು ಹರಿದಿತ್ತು. ಮುಂದಿನ ಕೋಣೆಗೆ ಒಯ್ದೆ — ಅದೇ ಅಪ್ಪನ ಅಂಗಡಿ. ಅಮ್ಮ ಮೂಲೆಯಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದಳು. ಅಪ್ಪ ಜೇಬು ಹೊಲಿದರು, ಹಲ್ಲಿನಿಂದ ದಾರ ಕಡಿದರು, ಕೋಟು ನನಗೆ ತೊಡಿಸಿದರು. ಆಮೇಲೆ ಬಲಗಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟರು.

"ಕೂಲಿ ಬೇಡ ಡಾಕ್ಟರಮ್ಮ. ಇದೊಂದು ನೋಡಿಬಿಡು."

ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ. ಹೆಬ್ಬೆರಳ ಉಗುರಿನಷ್ಟು. ಒಂದು ಕಡೆ ಅಂಚು ಕದಡಿದ ಹಾಗಿದೆ. ನೋವಿಲ್ಲವಂತೆ.

"ಅವಳಿಗೇನ್ರೀ ಗೊತ್ತಾಗುತ್ತೆ?" ಅಮ್ಮ ತಲೆ ಎತ್ತದೆ ಅಂದಳು. "ಸರಿಯಾದ ಡಾಕ್ಟರಿಗೆ ತೋರಿಸಿ ಅಂತ ತಿಂಗಳಿಂದ ಬಡ್ಕೋತಿದೀನಿ."

ಸರಿಯಾದ ಡಾಕ್ಟರ್! ಚುರುಕ್ ಅಂತು. ಬಗ್ಗಿದೆ. ಬೆರಳಿನಿಂದ ಒತ್ತಿದೆ. ಗಂಭೀರವಾಗಿ "ಹ್ಞೂಂ" ಅಂದೆ. "ಏನೂ ಇಲ್ಲಪ್ಪ. ಪೆಡಲ್ ಒತ್ತಿ ಒತ್ತಿ ರಕ್ತ ಹೆಪ್ಪುಗಟ್ಟಿದೆ ಅಷ್ಟೆ."

ಅಪ್ಪ ಮೀಸೆ ತಿರುವಿದರು. "ಕೇಳಿಸ್ತೇನೇ? ಇನ್ನಾದ್ರೂ ಸುಮ್ನಿರು."

ಸುಳ್ಳೇಕೆ ಬರೆಯಲಿ, ಖುಷಿಯಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಕೋಟು ಮೈಗೆ ಸರಿಯಾಗಿ ಕೂತಂತೆ ಅನ್ನಿಸಿತು.

ಮಾರ್ಚ್ 14

ಟೆಸ್ಟು. ನನ್ನ ಅದೃಷ್ಟಕ್ಕೆ ಮೆಲನೋಮಾ ಬಂತು, ಚರ್ಮದ ಕ್ಯಾನ್ಸರು. ಮೂರು ಪುಟ ಗೀಚಿದೆ. ಒಂದು ಜೀನಿನ ಆರುನೂರನೇ ಜಾಗದಲ್ಲಿ ಒಂದೇ ಅಕ್ಷರ ಬದಲಾದರೆ ಸಾಕು, ಕೋಶಕ್ಕೆ ನಿಲ್ಲುವುದೇ ಮರೆತುಹೋಗುತ್ತದೆ. ಎರಡು ಬಣ್ಣದ ಬಾಣ, ಕೆಳಗೆ ಮಾತ್ರೆಯ ಹೆಸರು, ಅದು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದರ ಚಿತ್ರ.

ಮನೆಗೆ ಬಂದಾಗ ಅಪ್ಪ ಹೊಲಿಯುತ್ತಿದ್ದರು. ಬಲ ಹಿಮ್ಮಡಿಗೆ ಬಟ್ಟೆ ಸುತ್ತಿದ್ದರು. ಚಪ್ಪಲಿ ಉಜ್ಜುತ್ತದಂತೆ.

ಮಾರ್ಚ್ 21

ಇಪ್ಪತ್ತಕ್ಕೆ ಇಪ್ಪತ್ತು. ಮೇಡಂ ನನ್ನ ಉತ್ತರವನ್ನು ಕ್ಲಾಸಿಗೆಲ್ಲ ಓದಿ ಹೇಳಿದರು. ಅಪ್ಪನಿಗೆ ಹೇಳಿದೆ. ಬಂದ ಗಿರಾಕಿಗೆಲ್ಲ ಚಹಾ ಕುಡಿಸಿದರಂತೆ.

ಜುಲೈ 2, ಮಧ್ಯಾಹ್ನ 3

ಆಸ್ಪತ್ರೆಯಿಂದ ಈಗ ಬಂದೆವು.

ಮೊನ್ನೆ ಪೆಡಲ್ ಮೇಲೆ ರಕ್ತ ಕಂಡು ಅಮ್ಮ ಕೂಗಿಕೊಂಡಳು. ಈ ನಾಲ್ಕೂವರೆ ತಿಂಗಳು ಅವಳು ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರವಂತೆ — ನಮ್ಮ ಡಾಕ್ಟರಮ್ಮನೇ ನೋಡಾಗಿದೆ.

ಡಾಕ್ಟರ್ ಕಾಲು ಎತ್ತಿ ನೋಡಿದರು. ಎರಡು ಸೆಕೆಂಡು. ಅಷ್ಟೇ ಬೇಕಾಗಿದ್ದು. ಆಮೇಲೆ ತೊಡೆಯ ಸಂದಿಯಲ್ಲಿ ಗಂಟು ಮುಟ್ಟಿ ನೋಡಿದರು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

"ಇಷ್ಟು ದಿನ ಯಾಕ್ರೀ ಬರ್ಲಿಲ್ಲ? ಯಾರಾದ್ರೂ ಏನೂ ಇಲ್ಲ ಅಂದ್ರಾ?"

ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಯಾರೂ ಅಂದಿಲ್ಲ ಸಾರ್," ಅಪ್ಪ ಅಂದರು. "ನಾನೇ ಉದಾಸೀನ ಮಾಡ್ದೆ."

"ಮಗಳು ಏನ್ ಮಾಡ್ತಿದಾಳೆ?"

"ಓದ್ತಿದಾಳೆ. ಸೈನ್ಸು... ಅದೇನೋ ಬೇರೆ ಸಾರ್."

ಬೀದಿಗೆಲ್ಲ ಸುಳ್ಳು ಹೇಳಿದ ಮನುಷ್ಯ ನನ್ನನ್ನು ಉಳಿಸಲು ನಿಜ ಹೇಳಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಜುಲೈ 3

ಪುಸ್ತಕ ತೆಗೆದೆ. ಮೆಲನೋಮಾ ಪಾಠದಲ್ಲಿ ಐದು ಫೋಟೋ. ಐದೂ ಬಿಳಿ ಚರ್ಮ — ಬೆನ್ನು, ತೋಳು. ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು: ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ ಕಾಣಿಸಿಕೊಳ್ಳುತ್ತದೆ.

ಅದರ ಕೆಳಗೆ ಹಸಿರು ಗೆರೆ. ನನ್ನದೇ ಪೆನ್ನು. ಜನವರಿಯಲ್ಲೇ ಎಳೆದದ್ದು.

ಜುಲೈ 17, ಬೆಳಗ್ಗೆ

ಅದೇ ಅಂತ ಖಾತ್ರಿಯಾಗಿದೆ. ಗಂಟಿಗೂ ಹರಡಿದೆ.

ಹಿಮ್ಮಡಿಯಿಂದ ತೆಗೆದ ತುಂಡನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಡಾಕ್ಟರ್ ನನ್ನೊಬ್ಬಳನ್ನೇ ಕರೆದು ವಿವರಿಸಿದರು. ಆರುನೂರನೇ ಜಾಗದ ಆ ಬದಲಾವಣೆ ಸಿಕ್ಕರೆ ಮಾತ್ರೆ ಇದೆ, ಗಡ್ಡೆ ಕರಗುತ್ತದೆ, ಒಂದಷ್ಟು ವರ್ಷ ಸಿಗಬಹುದು. ಸಿಗದಿದ್ದರೆ ಆ ಮಾತ್ರೆ ದಂಡ. ಬೇರೆ ದಾರಿಗಳಿವೆ, ಆದರೆ ಅಪ್ಪನ ಸ್ಥಿತಿಯಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದರು. ಗೊತ್ತು ಸಾರ್ ಅಂದೆ. ಹೇಗೆ ಗೊತ್ತು ಅಂತ ಅವರು ಕೇಳಲಿಲ್ಲ.

ನರ್ಸ್ ಡಬ್ಬಿಯ ಮೇಲೆ ನಂಬರು ಅಂಟಿಸಿದಳು.

ಅಮ್ಮ ಹದಿನೈದು ದಿನದಿಂದ ಮಾತು ಬಿಟ್ಟಿದ್ದಳು. ಇವತ್ತು ತಟ್ಟೆ ಮುಂದಿಟ್ಟು ಒಂದೇ ಮಾತು. "ಅವತ್ತು ನಂಗೊತ್ತಿಲ್ಲ ಅಂದಿದ್ರೆ ಸಾಕಿತ್ತು."

ತಟ್ಟೆ ಹಾಗೇ ಇತ್ತು.

ಜುಲೈ 29, ಸಂಜೆ 5.10

ರಿಪೋರ್ಟು ಬಂತು. ಬಸ್‌ಸ್ಟಾಪಿನಲ್ಲೇ ಬಿಚ್ಚಿದೆ. ಎರಡು ಬಸ್ಸು ಬಿಟ್ಟೆ. ಮನೆಗೆ ಹೋಗಿ ಹೇಗೆ ಹೇಳಬೇಕು ಅಂತ ವಾಕ್ಯ ಜೋಡಿಸಿಕೊಂಡೇ ಬಂದೆ.

ಹೊಸ್ತಿಲು ದಾಟುವ ಮೊದಲೇ ಅಪ್ಪ ಕೈಯಿಂದ ಕಿತ್ತುಕೊಂಡರು. ಕನ್ನಡಕ ಹಾಕಿ, ಬೆರಳಿಟ್ಟು ಸಾಲು ಸಾಲಾಗಿ ಇಳಿದು, ಕೊನೆಯದನ್ನು ಗಟ್ಟಿಯಾಗಿ ಓದಿದರು. "ಬದಲಾವಣೆ ಕಂಡುಬಂದಿಲ್ಲ."

"ಬಾರೇ ಇಲ್ಲಿ! ಏನೂ ಸಿಕ್ಕಿಲ್ವಂತೆ! ನನ್ನ ಮಗಳು ಅವತ್ತೇ ಹೇಳಿರ್ಲಿಲ್ವಾ? ಆ ಡಾಕ್ಟರ್ ಸುಮ್ನೆ ಹೆದರಿಸಿಬಿಟ್ಟ!"

ಬ್ಯಾಂಡೇಜಿನ ಕಾಲಿನಲ್ಲೇ ಕುಂಟುತ್ತ ಬಾಗಿಲಿಗೆ ಹೋದರು. ಮಂಡಿನೋವಿನ ಆಂಟಿ ಬ್ಲೌಸಿಗೆ ಬಂದಿದ್ದರು. ಅವರಿಗೂ ಹೇಳಿಯಾಯಿತು.

ಅಮ್ಮ ಅಪ್ಪನನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ನಾನು ಒಳಗೆ ಬಂದುಬಿಟ್ಟೆ. ಹೇಡಿ.

5.35

ಬಾಗಿಲ ಸಂದಿಯಿಂದ ಕಾಣುತ್ತಿದೆ. ಅಪ್ಪ ನನ್ನ ಕೋಟನ್ನು ತೊಡೆಯ ಮೇಲೆ ಹರವಿಕೊಂಡಿದ್ದಾರೆ. ಸೂಜಿಗೆ ನೀಲಿ ದಾರ ಪೋಣಿಸುತ್ತಿದ್ದಾರೆ. ಹಳೇ ತೂತುಗಳನ್ನು ಬೆರಳಿನಲ್ಲಿ ಹುಡುಕುತ್ತಿದ್ದಾರೆ.

ಅಮ್ಮ ಬಂದು ನಿಂತಳು. "ಅದು ಒಳ್ಳೇದಲ್ಲ, ಅಲ್ವಾ? ಹೋಗು. ಈ ಸಲ ನಿಜ ಹೇಳು."

ಹೋಗಬೇಕು. ಮೊದಲ ವಾಕ್ಯ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ನಾಲಿಗೆ ಏಳುವುದಿಲ್ಲ.

ಅಪ್ಪ, ಕಂಡುಬಂದಿಲ್ಲ ಅಂದರೆ —