ಕೊನೆಯ ಗಡಿಗೆಯಲ್ಲಿ ಏನಿತ್ತು

॥ ಶ್ರೀ ॥
ಸವಣೂರು
೯ ಫೆಬ್ರುವರಿ ೨೦೨೫, ದ್ವಾದಶಿ

ಚಿ. ಸೌ. ಪದ್ಮಜಾಳಿಗೆ ಅವ್ವನ ಹೊಟ್ಟೆತುಂಬ ಆಶೀರ್ವಾದ.

ಕಾಲಿನ ಬಾವು ಇಳಿಯಿತೇ? ಕೂಸು ಒದೆಯುತ್ತಿದೆಯೇ? ಎಡಮಗ್ಗುಲಿಗೆ ಮಲಗು. ಹುಳಿ ತಿನ್ನುವ ಆಸೆಯಾದರೆ ತಿನ್ನು, ಆದರೆ ಉಪ್ಪಿನಕಾಯಿ ಭರಣಿಯನ್ನೇ ತೊಡೆಯ ಮೇಲಿಟ್ಟುಕೊಂಡು ಕೂರಬೇಡ. ಇಷ್ಟನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನೀನು ಎತ್ತಿದರೆ ತಾನೇ! ಕುಬಸ ಮುಗಿಸಿ ಹಿರೇಕೆರೂರಿನ ಅತ್ತೆಮನೆಗೆ ಹೋದವಳು ಮುಖ ಊದಿಸಿಕೊಂಡು ಕೂತಿದ್ದೀಯ. ಊದಿಸಿಕೋ, ನಿನ್ನ ಸಿಟ್ಟು ನ್ಯಾಯದ್ದೇ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತೇನೆಂದರೆ "ಬ್ಯಾಡ, ಅಲ್ಲೇ ಆಗ್ಲಿ, ನಿಮ್ಮ ಅತ್ತಿಯವರು ನೋಡಕೋತಾರ" ಎಂದ ತಾಯಿ ನಮ್ಮ ಬಳಗದಲ್ಲಿ ನಾನೊಬ್ಬಳೇ ಇರಬೇಕು. "ಅವ್ವಾ, ನಾ ನಿನಗ ಅಷ್ಟು ಭಾರ ಆದೆನೇನ?" ಎಂದು ನೀನು ಎಲ್ಲರೆದುರು ಕೇಳಿದೆಯಲ್ಲ, ಅಂದಿನಿಂದ ಆ ಮಾತೇ ನನ್ನ ಕಿವಿಯಲ್ಲಿ ಕೂತಿದೆ. ಮೊಣಕಾಲು ನೋವು ಎಂದು ನಾನು ಕೊಟ್ಟ ಕಾರಣವನ್ನು ಯಾರೂ ನಂಬಲಿಲ್ಲ, ನಂಬುವಂಥದ್ದೂ ಅಲ್ಲ ಅದು. ನಿಜವಾದದ್ದನ್ನು ಹೇಳುತ್ತೇನೆ ತಾಳು. ಆದರೆ ನಿನ್ನೆ ನಾನೆಲ್ಲಿಗೆ ಹೋಗಿದ್ದೆ ಎಂಬುದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತದೆ!

ನಮ್ಮ ಹಿತ್ತಲಗೋಡೆಯಾಚೆಯ ಮಾಬೂಬಿಯ ಮಗಳು ನುಜಹತ ಇದ್ದಾಳಲ್ಲ, ಚಿಕ್ಕವಳಿದ್ದಾಗ ನಿನ್ನ ಸೆರಗು ಬಿಡದೆ ತಿರುಗುತ್ತಿದ್ದವಳು, ಅವಳಿಗೆ ಶಿಗ್ಗಾಂವಿ ರಸ್ತೆಯಲ್ಲಿ ಹೊಸದಾಗಿ ಆಗಿರುವ ಕಲಾ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿದೆ. ಹಳೇ ಹತ್ತಿ ಗೋದಾಮನ್ನೇ ತೊಳೆದು ಬಳಿದು ಮಾಡಿದ್ದಾರೆ. ಕಣ್ಣು, ಕಿವಿ, ಚರ್ಮ, ಮೂಗು, ನಾಲಿಗೆ ಒಂದೊಂದಕ್ಕೂ ಒಂದು ಕೋಣೆ. ಬಂದವರಿಗೆ ತೋರಿಸಿ ಹೇಳುವುದು ಅವಳ ಕೆಲಸ. "ಅವ್ವನ್ನ ಒಬ್ಬಾಕಿನ್ನ ಕಳಸಬ್ಯಾಡ್ರಿ ಮೌಶಿ, ನೀವೂ ಬರ್ರಿ" ಎಂದು ಗಂಟುಬಿದ್ದಳು. ನಿನ್ನೆ ಏಕಾದಶಿ, ಒಲೆ ಹಚ್ಚುವ ಗೊಡವೆಯಿಲ್ಲ. ನಿಮ್ಮಪ್ಪನ ಕೈಗೆ ಪಂಚಾಂಗ, ಜಪಮಾಲೆ ಎರಡನ್ನೂ ಕೊಟ್ಟು ಮಾಬೂಬಿಯ ಜೊತೆ ಬಸ್ಸು ಹತ್ತಿಬಿಟ್ಟೆ. ನನ್ನದು ಇಳಕಲ್ ಸೀರೆ, ಅವಳದು ಹೊಸ ಬುರ್ಖಾ. ಕಂಡಕ್ಟರು ಯಾವ ಮದುವೆಗೆ ಹೊರಟಿರಿ ಎಂದು ಕೇಳಿದ.

ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನು ಬರೆದಿದ್ದಾರೆ ಗೊತ್ತೇ? "ದಯವಿಟ್ಟು ಮುಟ್ಟಿರಿ"! ಇಡೀ ಜನ್ಮ "ಮುಟ್ಟಬ್ಯಾಡ, ಮಡೀಲಿದ್ದೇನಿ" ಎಂದು ನಿಮ್ಮನ್ನೆಲ್ಲ ದೂರ ಅಟ್ಟುತ್ತ ಬಂದ ನನಗೆ ಈ ಮಾತು! ಕೈಕಟ್ಟಿಕೊಂಡೇ ನಿಂತಿದ್ದೆ. ಮುಂದೆ ಕಣ್ಣಿಗೆ ಏನೂ ಕಾಣದ ಒಂದು ಓಣಿ, ಎರಡೂ ಗೋಡೆಗೆ ಕಂಬಳಿ, ಹತ್ತಿ, ಕತ್ತದ ಹಗ್ಗ, ತಣ್ಣಗಿನ ಕಲ್ಲು, ಏನೇನೋ ಹೊಲಿದು ಅಂಟಿಸಿದ್ದಾರೆ. ತಡವಿಕೊಂಡೇ ದಾಟಬೇಕು. ಏನೋ ಮೆತ್ತಗಿನದು ಕೈಗೆ ತಾಕಿ ನಾನು ಕಿರುಚಿದೆ, ಮಾಬೂಬಿ ನನಗಿಂತ ಜೋರಾಗಿ ಕಿರುಚಿ ನನ್ನ ಕೈಯನ್ನು ಗಪ್ಪನೆ ಹಿಡಿದಳು. ಇಷ್ಟು ವರ್ಷ ಕೊತ್ತಂಬರಿ ಕಟ್ಟನ್ನೂ ಗೋಡೆಯ ಮೇಲಿಟ್ಟು ಕೊಟ್ಟು ತೆಗೆದುಕೊಂಡವರು ನಾವು. ಆಚೆ ಬೆಳಕಿಗೆ ಬಂದಾಗ ನೋಡಿದರೆ ಇಬ್ಬರೂ ಇನ್ನೂ ಕೈ ಬಿಟ್ಟಿರಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಕಿವಿಯ ಕೋಣೆಯಲ್ಲಿ ಮಾಳಿಗೆಯ ತುಂಬ ಎತ್ತಿನ ಕೊರಳಗಂಟೆಗಳು ತೂಗುತ್ತವೆ, ಹಗ್ಗ ಜಗ್ಗಿದರೆ ಒಂದೊಂದೂ ಒಂದೊಂದು ದನಿ. ಕಣ್ಣಿನ ಕೋಣೆಯಲ್ಲಂತೂ ನಾವು ಹೆಜ್ಜೆಯಿಟ್ಟ ಕಡೆಯೆಲ್ಲ ನೆಲದಲ್ಲಿ ಬಣ್ಣದ ರಂಗೋಲಿ ತಾನೇ ಬಿಡಿಸಿಕೊಳ್ಳುತ್ತದೆ! ಮೊಣಕಾಲು ನೋವಿನವಳು ನಾನು ಅಲ್ಲಿ ಕುಣಿದಾಡಿದ್ದನ್ನು ನೀನು ನೋಡಿದ್ದರೆ ನಿನ್ನ ಸಿಟ್ಟು ಇಮ್ಮಡಿಯಾಗುತ್ತಿತ್ತು. ಆಮೇಲೆ ಮೂಗಿನ ಕೋಣೆ ಬಂತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಈಗ ನಿಜ ಕೇಳು ಪದ್ಮೀ. ಹೋದ ಮಳೆಗಾಲದಲ್ಲಿ ನನಗೆ ದೊಡ್ಡ ಜ್ವರ ಬಂದಿತ್ತಲ್ಲ, ಜ್ವರ ಬಿಟ್ಟಿತು, ಅದರ ಜೊತೆಗೆ ನನ್ನ ಮೂಗೂ ಹೋಯಿತು. ಯಾವ ವಾಸನೆಯೂ ಇಲ್ಲ. ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ, ಮಲ್ಲಿಗೆ ಇಲ್ಲ. ಯಾರಿಗೂ ಹೇಗೆ ಗೊತ್ತಾಗಲಿಲ್ಲ ಎನ್ನುತ್ತೀಯಾ? ನಮ್ಮ ಮನೆಯಲ್ಲಿ ದೇವರ ನೈವೇದ್ಯಕ್ಕೆ ಮೊದಲು ಅಡುಗೆ ಮಾಡುವವಳು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಮದುವೆಯಾದಾಗಿನಿಂದ ಕಣ್ಣಳತೆ, ಕೈಯಳತೆಯಲ್ಲೇ ಉಪ್ಪು ಖಾರ ಹಾಕಿದವಳು ನಾನು. ಸಾರು ಮೊದಲಿನ ಹಾಗೆಯೇ ಆಗುತ್ತಿತ್ತು. ನಿಮ್ಮಪ್ಪ ಮೊದಲಿನ ಹಾಗೆಯೇ ಸುರ್ ಎಂದು ಕುಡಿದು "ಭೇಷ್" ಎನ್ನುತ್ತಿದ್ದರು. ಆದರೆ ನಿನ್ನ ಕುಬಸಕ್ಕೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಹಾಲು ಉಕ್ಕಿ ಗ್ಯಾಸಿನ ಒಲೆ ಆರಿಹೋಗಿತ್ತು. ನಾನು ಪಕ್ಕದಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಗೋಡೆಯಾಚೆಯಿಂದ ಮಾಬೂಬಿ "ಬಾಯಾರ, ಗ್ಯಾಸ್ ವಾಸನಿ ಬರಾಕತ್ತೈತ್ರೀ!" ಎಂದು ಕೂಗಿಕೊಳ್ಳುವವರೆಗೆ ನನಗೆ ಗೊತ್ತೇ ಇಲ್ಲ. ದೇವರಿಗೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಇಂಥ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹೇಗೆ ಮಲಗಿಸಲಿ? ಅದಕ್ಕೇ ಬೇಡ ಎಂದೆ ಮಗಳೇ. ಭಾರವಾಗಿ ಅಲ್ಲ. ಹೇಳಿದರೆ ನೀನು ಹೆದರುತ್ತೀ, ನಿಮ್ಮಪ್ಪ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಆ ಕೋಣೆಯಲ್ಲಿ ಒಂದು ಸಾಲು ಮಣ್ಣಿನ ಗಡಿಗೆಗಳು, ತೂತಿನ ಮುಚ್ಚಳ, ಒಳಗೇನಿದೆ ಕಾಣುವುದಿಲ್ಲ. ಮೂಸಿ, ಮುಂದಿರುವ ಚಿತ್ರಗಳಲ್ಲಿ ಸರಿಯಾದದ್ದನ್ನು ಒತ್ತಿದರೆ ಎದುರಿನ ಗೋಡೆಯ ತುಂಬ ಆ ಗಿಡವೋ ಹೂವೋ ಬಣ್ಣಬಣ್ಣವಾಗಿ ಅರಳುತ್ತದೆ. ಮಾಬೂಬಿ ಹೋದ ಹೋದ ಕಡೆ ಗೋಡೆ ಅರಳುತ್ತಿತ್ತು. ನುಜಹತ ನನ್ನನ್ನೂ ಕರೆದಳು. ನಾನು ಗಂಭೀರವಾಗಿ, ನೈವೇದ್ಯ ಆಗದ ಪದಾರ್ಥವನ್ನು ನಾವು ಮೂಸುವುದಿಲ್ಲ ಎಂದುಬಿಟ್ಟೆ! ಪಾಪ, ಆ ಹುಡುಗಿ ಕಕ್ಕಾಬಿಕ್ಕಿಯಾಗಿ "ಇದು ಮ್ಯೂಸಿಯಂ ಐತ್ರಿ ಮೌಶಿ, ಅಡಿಗಿಮನಿ ಅಲ್ರಿ" ಎಂದಳು. ಅಷ್ಟರಲ್ಲಿ ಮಾಬೂಬಿ ಹತ್ತಿರ ಬಂದು ಮೆಲ್ಲಗೆ, "ನನ್ನ ಮುಂದ ಯಾಕ್ ಮುಚ್ಚಿಡ್ತೀರಿ ಬಾಯಾರ? ಗ್ಯಾಸ್ ಸೋರಿದ ದಿನಾನ ನನಗ ತಿಳದೈತಿ. ದಿನಾ ನಿಮ್ಮ ಒಲಿ ಹತ್ತೂ ಹೊತ್ತಿಗೆ ಗ್ವಾಡಿ ಹಂತ್ಯಾಕ ನಿಂದ್ರತೇನಲ್ಲ, ಮತ್ಯಾಕಂತ ಮಾಡೀರಿ?" ಎಂದಳು.

ಹೌದಲ್ಲ! ದಿನವೂ ಬೆಳಿಗ್ಗೆ ಸಂಜೆ ಗೋಡೆಯ ಮೇಲೆ ಮುಖವಿಟ್ಟು "ಇವತ್ತೇನ್ರಿ ಅಡಿಗಿ?" ಎನ್ನುತ್ತಿದ್ದಳು. ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ನಿಮ್ಮಪ್ಪನ ಮುಂದೆ ಗೊಣಗಿದ್ದೂ ಉಂಟು. ಇಷ್ಟು ತಿಂಗಳು ಅವಳು ನನ್ನ ಪರವಾಗಿ ನನ್ನ ಅಡುಗೆಮನೆಯ ವಾಸನೆ ನೋಡುತ್ತಿದ್ದಳು ಪದ್ಮೀ! ಅಲ್ಲೇ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಜನ ನೋಡುತ್ತಿದ್ದರೂ ಸರಿಯೇ ಎಂದು.

ಅತ್ತು ಹಗುರಾದ ಮೇಲೆ, ಇನ್ಯಾರ ಹೆದರಿಕೆ ಎಂದು ನಾನೂ ಒಂದೊಂದೇ ಗಡಿಗೆಗೆ ಮೂಗು ಹಚ್ಚಿದೆ. ಇಂಗಂತೆ, ಏನೂ ಇಲ್ಲ. ಕೇದಗೆಯಂತೆ, ಏನೂ ಇಲ್ಲ. ನಮ್ಮ ಸವಣೂರಿನ ವೀಳ್ಯದೆಲೆಯೇ ಇತ್ತು, ಅದೂ ಇಲ್ಲ. ಕೊನೆಯ ಗಡಿಗೆಗೆ ಕಣ್ಣುಮುಚ್ಚಿ ಬಗ್ಗಿದೆ. ಏನೋ ಸಣ್ಣಗೆ, ಕಹಿಯಾಗಿ, ಬೆಚ್ಚಗೆ ಮೂಗಿನ ಒಳಗೆ ಏರಿತು. ಚಿತ್ರ ನೋಡಲೇ ಇಲ್ಲ ನಾನು. "ಪದ್ಮೀ!" ಎಂದು ಕೂಗಿಬಿಟ್ಟೆ. ನುಜಹತ ನಗುತ್ತಾ "ಪದ್ಮಕ್ಕ ಅಲ್ರಿ ಮೌಶಿ, ಅದು ಬಜಿ" ಎಂದಳು. ಬಜೆ! ನೀನು ಹುಟ್ಟಿದಾಗ ದೃಷ್ಟಿಯಾಗಬಾರದೆಂದು ನಿನ್ನ ಪುಟ್ಟ ಕೈಗೆ ಬಜೆ ಬೇರಿನ ತುಂಡು ಪೋಣಿಸಿ ಕಟ್ಟಿದ್ದೆ. ನೀನು ಮುಷ್ಟಿಯನ್ನು ನನ್ನ ಕತ್ತಿನೊಳಗೆ ತೂರಿಸಿ ಮಲಗುತ್ತಿದ್ದೆ, ನನಗೆ ಬಾಣಂತನ ಎಂದರೆ ಅದೇ ವಾಸನೆ. ನಾನೇ ಚಿತ್ರ ಒತ್ತಿದೆ. ಗೋಡೆಯ ತುಂಬ ಹಸಿರು ಗರಿಗಳು ಎದ್ದು ನಿಂತವು. ಮಾಬೂಬಿ ಚಪ್ಪಾಳೆ ತಟ್ಟಿದಳು, ನುಜಹತ ತಟ್ಟಿದಳು, ಯಾರೋ ಗುರುತಿಲ್ಲದವರೂ ತಟ್ಟಿದರು!

ನಾಲಿಗೆಯ ಕೋಣೆಯಲ್ಲಿ ನನ್ನದು ಏಕಾದಶಿ ಉಪವಾಸ, ನನ್ನ ಪಾಲಿನದನ್ನೂ ಮಾಬೂಬಿಯೇ ಮುಗಿಸಿದಳು. ಮನೆಗೆ ಬಂದವಳೇ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಬಾಯಿ ತೆರೆದುಕೊಂಡು ಕೇಳಿ, ಆಮೇಲೆ ಎದ್ದು ಹೋಗಿ ಡಬ್ಬಿಯಿಂದ ಬಜೆ ಹುಡುಕಿ ತಂದು ನನ್ನ ಮೂಗಿಗೆ ಹಿಡಿದರು. ಬಂತು, ಮತ್ತೆ ಬಂತು! ಇಂಗು, ಕಾಫಿಪುಡಿ, ಕರ್ಪೂರ ಇನ್ನೂ ಇಲ್ಲ. ಅವು ನಿಧಾನಕ್ಕೆ ಬರಲಿ, ಬರದಿದ್ದರೂ ನನಗೆ ಬೇಸರವಿಲ್ಲ.

ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಹೇಳು, ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆಯಲ್ಲಿರುವ ತುಂಟನಿಗೋ ತುಂಟಿಗೋ, ನಿನ್ನ ಕೈ ಅಲ್ಲಿಟ್ಟು ಅಜ್ಜಿಯ ಮುದ್ದು ಮುಟ್ಟಿಸು.

ನಿನ್ನ ಅವ್ವ,
ತುಳಸಾಬಾಯಿ

ತಾ.ಕ.: ಗುರುವಾರ ನಿನಗೆ ಒಂಬತ್ತು ತಿಂಗಳು ಬೀಳುತ್ತದೆ. ಅಂದು ಬೆಳಿಗ್ಗೆ ನಿಮ್ಮ ಅಣ್ಣ ಮಧ್ವೇಶ ಕಾರು ತರುತ್ತಾನೆ, ಬಾ. ಹೆರಿಗೆ ಇಲ್ಲೇ, ಬಾಣಂತನ ಇಲ್ಲೇ. ಗ್ಯಾಸು ಸೋರಿದರೆ ಕೂಗುವ ಯಂತ್ರ ತರಿಸುತ್ತೇನೆ ಎಂದು ನಿಮ್ಮಪ್ಪ ಹೇಳುತ್ತಿದ್ದಾರೆ. ತರಿಸಲಿ, ಮಾಬೂಬಿಗಿಂತ ಜೋರಾಗಿ ಅದೇನೂ ಕೂಗಲಾರದು. ಬಜೆಯನ್ನು ದಾರಕ್ಕೆ ಪೋಣಿಸಿ ಇಟ್ಟಿದ್ದೇನೆ, ಕೂಸಿನ ಕೈಯಳತೆ ಒಂದು ಗೊತ್ತಾಗಬೇಕಷ್ಟೇ. ಅದರ ನೆತ್ತಿಯ ವಾಸನೆ ನನಗೆ ಬರದಿದ್ದರೆ ಹೇಗಿದೆ ಎಂದು ನೀನು ಹೇಳು, ಕೈಯ ವಾಸನೆ ನಾನೇ ನೋಡಿಕೊಳ್ಳುತ್ತೇನೆ.